ಫಿಟ್ಸ್ ಬಂದವರ ಮನೆಯ ನಾಲ್ಕು ದಾರಿ: ಯಾವ ಆಸ್ಪತ್ರೆ, ಯಾವ ಮಾತ್ರೆ?

ಹೋದ ತಿಂಗಳು ನಮ್ಮ ಕಡೆಯ ತಾಯಿಯೊಬ್ಬರು ಫೋನ್ ಮಾಡಿದ್ದರು. ಮಗಳಿಗೆ ಹದಿನಾರು ವರ್ಷ, ಆರು ತಿಂಗಳಲ್ಲಿ ಎರಡು ಸಲ ಫಿಟ್ಸ್ ಬಂದಿದೆ. "ಇಲ್ಲೇ ಹತ್ರದ ಆಸ್ಪತ್ರೇಲಿ ಮಾತ್ರೆ ಕೊಟ್ಟವ್ರೆ ಕಣಕ್ಕ. ನಮ್ಮ ಮೈದ್ನ ಮೈಸೂರಲ್ಲಿ ಪ್ರೈವೇಟ್‌ಗೆ ತೋರ್ಸಿ ಅಂತಾನೆ. ನಮ್ಮತ್ತೆ ಪುಡಿ ಕೊಡೋರ ಹತ್ರ ಹೋಗಾನ ಅಂತಾರೆ. ಪಕ್ಕದ ಮನೆಯೋರು ಸೀದಾ ನಿಮ್ಹಾನ್ಸ್‌ಗೇ ಹೋಗ್ಬುಡಿ ಅಂತಾರೆ. ನಾನು ಯಾರ ಮಾತು ಕೇಳ್ಲಿ?"

ನನ್ನ ತಮ್ಮನಿಗೆ ಹನ್ನೊಂದನೇ ವಯಸ್ಸಿನಲ್ಲಿ ಫಿಟ್ಸ್ ಶುರುವಾದಾಗ ನಮ್ಮ ಮನೆಯ ಜಗಲಿಯಲ್ಲೂ ಇದೇ ನಾಲ್ಕು ದಾರಿಗಳ ಜಗಳ ನಡೆದಿತ್ತು. ಈಗ ಅವನಿಗೆ ಮೂವತ್ತನಾಲ್ಕು. ಒಂಬತ್ತು ವರ್ಷದಿಂದ ಒಂದೂ ಫಿಟ್ಸ್ ಬಂದಿಲ್ಲ. ನಾನು ಡಾಕ್ಟರಲ್ಲ, ಅವನ ಫೈಲು ಕಂಕುಳಲ್ಲಿಟ್ಟುಕೊಂಡು ಇಷ್ಟು ವರ್ಷ ಓಡಾಡಿದವಳು. ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮಾತ್ರೆ ಶುರು ಮಾಡುವುದು, ಬದಲಿಸುವುದು, ನಿಲ್ಲಿಸುವುದು ಮಾತ್ರ ಡಾಕ್ಟರ ಕೈಯಲ್ಲೇ ಆಗಬೇಕು.

ಯಾವುದನ್ನು ನೋಡಿ ಆರಿಸಬೇಕು

ಆಸ್ಪತ್ರೆಯ ಹೆಸರು ಕೇಳುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು. ಬಂದದ್ದು ಫಿಟ್ಸೇ ಹೌದಾ, ಹೌದಾದರೆ ಯಾವ ಬಗೆಯದು? ಬಂದಿರುವುದು ಯಾರಿಗೆ, ಶಾಲೆಗೆ ಹೋಗುವ ಮಗುವಿಗಾ, ಮುಂದೆ ತಾಯಿಯಾಗುವ ಹುಡುಗಿಗಾ, ಬೇರೆ ಹತ್ತು ಮಾತ್ರೆ ನುಂಗುತ್ತಿರುವ ಅಜ್ಜನಿಗಾ? ತೋರಿಸಲು ಹೋಗಿಬರುವ ಖರ್ಚನ್ನೂ ಒಂದು ದಿನದ ಕೂಲಿಯ ನಷ್ಟವನ್ನೂ ಮನೆ ಎಷ್ಟು ಸಲ ತಡೆದೀತು? ಕೊನೆಯದು, ಬರೆದುಕೊಟ್ಟ ಮಾತ್ರೆ ನಿಮ್ಮೂರಿನಲ್ಲಿ ತಿಂಗಳು ತಿಂಗಳೂ ತಪ್ಪದೆ ಸಿಗುತ್ತದಾ?

ನನ್ನ ಲೆಕ್ಕದಲ್ಲಿ ಈ ನಾಲ್ಕನೆಯದರ ತೂಕವೇ ಹೆಚ್ಚು. ಸರಿಯಾದ ಮಾತ್ರೆಯನ್ನು ದಿನ ತಪ್ಪದೆ ತೆಗೆದುಕೊಂಡರೆ ನೂರರಲ್ಲಿ ಸುಮಾರು ಎಪ್ಪತ್ತು ಜನಕ್ಕೆ ಫಿಟ್ಸ್ ನಿಲ್ಲಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. "ದಿನ ತಪ್ಪದೆ" ಎಂಬಲ್ಲಿಯೇ ಹೆಚ್ಚಿನ ಮನೆಗಳು ಎಡವುವುದು.

ಫಿಟ್ಸಾ, ಬರೀ ತಲೆಸುತ್ತಾ, ಇನ್ನೇನಾದರೂ?

ಬಿಸಿಲಲ್ಲಿ ನಿಂತು, ರಕ್ತ ನೋಡಿ, ಉಪವಾಸವಿದ್ದು ಬೀಳುವವರಿಗೆ ಸಾಮಾನ್ಯವಾಗಿ ಮೊದಲೇ ಸೂಚನೆ ಸಿಗುತ್ತದೆ: ಕಣ್ಣು ಕತ್ತಲೆ ಬರುತ್ತದೆ, ಬೆವರುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಬಿದ್ದ ಮೇಲೆ ಕೈಕಾಲು ಒಂದೆರಡು ಸಲ ಅದುರಿದರೂ ಮಲಗಿಸಿದ ಕೂಡಲೇ ಎಚ್ಚರವಾಗಿ ಮಾತಾಡುತ್ತಾರೆ. ಫಿಟ್ಸಿನಲ್ಲಿ ಮೈ ಸೆಟೆದು ಅದುರುತ್ತದೆ, ನಾಲಿಗೆಯ ಪಕ್ಕ ಕಚ್ಚಿಕೊಂಡು ರಕ್ತ ಬರಬಹುದು, ಬಟ್ಟೆಯಲ್ಲೇ ಮೂತ್ರ ಹೋಗಬಹುದು, ನಿಂತ ಮೇಲೂ ಹತ್ತಿಪ್ಪತ್ತು ನಿಮಿಷ ಯಾರು ಎತ್ತ ತಿಳಿಯದ ಮಂಕು ಇರುತ್ತದೆ. ಕೆಲವೊಮ್ಮೆ ಮನಸ್ಸಿನ ಒತ್ತಡವೇ ಫಿಟ್ಸಿನ ರೂಪದಲ್ಲಿ ಬರುತ್ತದೆ. ಅದು ನಾಟಕವಲ್ಲ, ಆದರೆ ಅದಕ್ಕೆ ಫಿಟ್ಸ್ ಮಾತ್ರೆ ಮದ್ದಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಜ್ವರ ಏರಿದಾಗ ಬರುವ ಫಿಟ್ಸ್ ಬೇರೆಯೇ, ಬಹುಪಾಲು ಮಕ್ಕಳಲ್ಲಿ ವಯಸ್ಸಾದಂತೆ ಅದು ಹೋಗುತ್ತದೆ.

ಬೀಳದೆ ಬರುವ ಫಿಟ್ಸನ್ನು ನಾವು ಗುರುತಿಸುವುದೇ ಇಲ್ಲ. ಪಾಠದ ನಡುವೆ ಹತ್ತು ಸೆಕೆಂಡು ಕಣ್ಣು ಪಿಳುಕಿಸುತ್ತಾ ಶೂನ್ಯ ನೋಡುವ ಹುಡುಗಿಗೆ "ಗಮನ ಎಲ್ಲಿದೆ" ಎಂದು ಏಟು ಬೀಳುತ್ತದೆ. ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ತುಟಿ ಚಪ್ಪರಿಸುತ್ತಾ, ಸೀರೆಯ ಸೆರಗು ಹಿಸುಕುತ್ತಾ ಕೂರುವ ಹೆಂಗಸಿಗೆ ಗಾಳಿ ಸೋಕಿದೆ ಎನ್ನುತ್ತಾರೆ. ಬೆಳಗ್ಗೆ ಎದ್ದ ಹೊತ್ತಿನಲ್ಲಿ ಹಲ್ಲುಜ್ಜುವ ಬ್ರಷ್ಷೋ ಕಾಫಿ ಲೋಟವೋ ಕೈಯಿಂದ ಎಗರಿ ಬೀಳುತ್ತಿದ್ದರೆ ಅದೂ ಫಿಟ್ಸಿನದೇ ಒಂದು ಬಗೆ ಇರಬಹುದು. ಹದಿಹರೆಯದಲ್ಲಿ ಶುರುವಾಗುವ ಇದು ನಿದ್ದೆಗೆಟ್ಟಾಗ ಹೆಚ್ಚುತ್ತದೆ. ಆ ತಾಯಿಗೆ ನಾನು ಕೇಳಿದ ಮೊದಲ ಪ್ರಶ್ನೆಯೇ ಇದು. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಹೂಂ ಕಣಕ್ಕ, ವರ್ಷದಿಂದ ಲೋಟ ಎಸೀತಾಳೆ. ಕೊಬ್ಬು ಅಂತ ಬೈತಿದ್ದೆ" ಎಂದರು.

ನಮ್ಮ ಹಳೇ ಮೈಸೂರು ಸೀಮೆಯವರು ತಿಳಿದಿರಲೇಬೇಕಾದ ಇನ್ನೊಂದು ಬಗೆಯಿದೆ, ಬಿಸಿನೀರಿನ ಫಿಟ್ಸ್. ತಮ್ಮನದು ಹೀಗೇ ಶುರುವಾದದ್ದು. ನೀರು ತುಂಬುವ ಹಬ್ಬದ ಮಾರನೇ ದಿನ, ಎಣ್ಣೆ ಹಚ್ಚಿ ಬಚ್ಚಲಿಗೆ ಕಳಿಸಿದ್ದರು. ಹಂಡೆಯ ನೀರು ಹಬೆಯಾಡುತ್ತಿತ್ತು. ಅವನು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿದುಕೊಳ್ಳುತ್ತಲೇ ಇದ್ದ. ಸಾಕು ಬಾರೋ ಎಂದರೂ ಕೇಳಿಸುತ್ತಿರಲಿಲ್ಲ, ಕಣ್ಣು ಗೋಡೆಯಲ್ಲಿ ನೆಟ್ಟಿತ್ತು, ಕೈ ಮಾತ್ರ ತಾನಾಗಿ ಹಂಡೆಗೂ ತಲೆಗೂ ಓಡಾಡುತ್ತಿತ್ತು. ಮರುಕ್ಷಣ ಚೊಂಬು ಕಲ್ಲಿನ ಮೇಲೆ ಉರುಳಿದ ಸದ್ದು. ಸುಡುವ ನೀರನ್ನು ಒಂದೇ ಸಮ ತಲೆಗೆ ಸುರಿದುಕೊಂಡಾಗ ಕೆಲವರ ಮೆದುಳು ಕೆರಳಿ ಹೀಗಾಗುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಇದು ಹೆಚ್ಚು. 1960ರ ದಶಕದಲ್ಲೇ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಇದರ ಬಗ್ಗೆ ಬರೆದರು, ನಿಮ್ಹಾನ್ಸಿನವರು ಮುಂದೆ ಬಹಳ ಕೆಲಸ ಮಾಡಿದರು. ಇದಕ್ಕೆ ಮೊದಲ ಚಿಕಿತ್ಸೆ ಬಿಟ್ಟಿಯದು: ತಲೆಗೆ ಉಗುರು ಬೆಚ್ಚಗಿನ ನೀರು, ನಿಧಾನವಾಗಿ, ಬಚ್ಚಲ ಬಾಗಿಲಿಗೆ ಚಿಲಕ ಹಾಕದೆ. ಅದರಲ್ಲೂ ನಿಲ್ಲದಿದ್ದರೆ ತಲೆಸ್ನಾನದ ದಿನ ಮಾತ್ರ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಾಜಾಮ್ ಮಾತ್ರೆ ಕೊಡುವ ಕ್ರಮವಿದೆ, ದಿನವೂ ನುಂಗಬೇಕಾಗಿಲ್ಲ. ಕೆಲವರಿಗೆ ಮಾತ್ರ, ನನ್ನ ತಮ್ಮನಂತೆ, ಮುಂದೆ ನೀರಿನ ನಂಟಿಲ್ಲದೆಯೂ ಫಿಟ್ಸ್ ಬರತೊಡಗುತ್ತದೆ. ಆಗ ದಿನದ ಮಾತ್ರೆ ಬೇಕೇ ಬೇಕು.

ಯಾವ ಡಾಕ್ಟರ ಹತ್ತಿರ ಹೋದರೂ ನೀವು ಕೊಂಡೊಯ್ಯುವ ಬಹಳ ಬೆಲೆಯ ವಸ್ತು ಮೊಬೈಲಿನ ವಿಡಿಯೋ. ಫಿಟ್ಸ್ ಬಂದಾಗ ಒಬ್ಬರು ನೋಡಿಕೊಳ್ಳಲಿ, ಇನ್ನೊಬ್ಬರು ಚಿತ್ರ ತೆಗೆಯಲಿ. ತಲೆಗೆ ವೈರು ಅಂಟಿಸಿ ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆ ಸರಿಯಾಗಿ ಬಂದ ಮಾತ್ರಕ್ಕೆ ಫಿಟ್ಸಿಲ್ಲ ಎಂದಲ್ಲ. ಆ ಅರ್ಧ ಗಂಟೆಯಲ್ಲಿ ಮೆದುಳು ತಣ್ಣಗಿದ್ದರೆ ಕಾಗದದ ಮೇಲೆ ಏನೂ ಕಾಣದು. (ಇಇಜಿಗೆ ಹೋಗುವ ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಹೋಗಿ, ಇಲ್ಲದಿದ್ದರೆ ವೈರು ಅಂಟುವುದಿಲ್ಲ.) ಸ್ಕ್ಯಾನಿನಲ್ಲಿ ಸಿ.ಟಿ. ಅಗ್ಗ, ಬೇಗ ಆಗುತ್ತದೆ. ಪೆಟ್ಟು, ರಕ್ತಸ್ರಾವ, ಮೆದುಳಿನಲ್ಲಿ ಕೂತ ಲಾಡಿಹುಳುವಿನ ಗಂಟು ಬಹುಮಟ್ಟಿಗೆ ಅದರಲ್ಲೇ ಗೊತ್ತಾಗುತ್ತವೆ. ಎಂಆರ್‌ಐ ದುಬಾರಿ, ಆದರೆ ಸಣ್ಣ ಗಾಯದ ಕಲೆಯನ್ನೂ ತೋರಿಸುತ್ತದೆ. ದುಡ್ಡು ಬಿಗಿಯಿದ್ದರೆ ಯಾವುದು ಈಗಲೇ ಬೇಕು, ಯಾವುದು ಕಾಯಬಹುದು ಎಂದು ಡಾಕ್ಟರನ್ನೇ ಕೇಳಿ, ಸಂಕೋಚ ಬೇಡ. ಅಂದಹಾಗೆ ಆ ಲಾಡಿಹುಳುವಿನ ಗಂಟು ಹಂದಿಮಾಂಸ ತಿನ್ನುವವರಿಗಷ್ಟೇ ಎಂಬುದು ತಪ್ಪು. ಮಲ ಸೋಕಿದ ನೀರು, ಸರಿಯಾಗಿ ತೊಳೆಯದ ಹಸಿ ತರಕಾರಿಯ ಮೂಲಕ ಹುಳುವಿನ ಮೊಟ್ಟೆ ಒಳಗೆ ಹೋದರೆ ಅಪ್ಪಟ ಸಸ್ಯಾಹಾರಿಗೂ ಬರುತ್ತದೆ.

ನಾಲ್ಕು ದಾರಿ

ಹತ್ತಿರದ ಸರ್ಕಾರಿ ಆಸ್ಪತ್ರೆಯ ಬಲವೆಂದರೆ ಅದು ಹತ್ತಿರ ಇರುವುದೇ. ಕೂಲಿ ಬಿಡದೆ ಹೋಗಿ ಬರಬಹುದು, ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಹಳೆಯ ಮಾತ್ರೆಗಳು ದಾಸ್ತಾನಿದ್ದಾಗ ದುಡ್ಡಿಲ್ಲದೆ ಸಿಗುತ್ತವೆ. ಅಗ್ಗದ ಮಾತ್ರೆ ಎಂದು ಮೂಗು ಮುರಿಯಬೇಡಿ. ನಮ್ಮದೇ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಡಾ. ಮಣಿ ಮತ್ತು ಸಂಗಡಿಗರು ಈ ಎರಡೇ ಮಾತ್ರೆ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಇವುಗಳಿಂದಲೇ ಹಳ್ಳಿಯ ಬಹಳ ಜನರ ಫಿಟ್ಸ್ ಹತೋಟಿಗೆ ಬರುತ್ತದೆ ಎಂಬ ಅವರ ವರದಿ 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೊರತೆಯೆಂದರೆ ನರರೋಗ ತಜ್ಞರು ಅಲ್ಲಿರುವುದಿಲ್ಲ, ಫಿಟ್ಸಿನ ಬಗೆ ಗುರುತಿಸುವುದು ತಪ್ಪಬಹುದು. ಲೋಟ ಎಸೆಯುವ ಆ ಹುಡುಗಿಗೆ ಬರೆದಿದ್ದು ಕಾರ್ಬಮಜೆಪಿನ್. ಬೇರೆ ಬಗೆಯ ಫಿಟ್ಸಿಗೆ ಅದು ಒಳ್ಳೆಯ ಮಾತ್ರೆ, ಬೆಳಗಿನ ಬೆಚ್ಚುವ ಫಿಟ್ಸನ್ನು ಹೆಚ್ಚಿಸಿಬಿಡಬಲ್ಲದು. ಮಾತ್ರೆ ಶುರುವಾದ ಮೇಲೆ ಕೈ ಎಗರುವುದು ಜಾಸ್ತಿಯಾಗಿದೆ ಎಂದು ತಾಯಿಯೇ ಹೇಳಿದರು.

ಜಿಲ್ಲಾ ಆಸ್ಪತ್ರೆ ಆ ನಾಲ್ಕರಲ್ಲಿ ಬಾರದ ನಡುವಿನ ದಾರಿ, ನಮ್ಮ ಜನ ಇದನ್ನು ಮರೆತೇಬಿಡುತ್ತಾರೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರುಮಾಡಿದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಬಂದಿವೆ. ಫಿಟ್ಸ್, ಪಾರ್ಶ್ವವಾಯು, ತಲೆನೋವು, ಮರೆವಿನ ಕಾಯಿಲೆಗಳನ್ನು ಅಲ್ಲಿ ನೋಡುತ್ತಾರೆ, ಕಷ್ಟವಾದವನ್ನು ಮೇಲೆ ಕಳಿಸುತ್ತಾರೆ. ಯಾವ ದಿನ ನೋಡುತ್ತಾರೆ ಎಂದು ಮೊದಲೇ ವಿಚಾರಿಸಿ ಬಸ್ಸು ಹತ್ತಿ.

ಪ್ರೈವೇಟ್ ನರರೋಗ ತಜ್ಞರ ಹತ್ತಿರ ಸಮಯ ಉಳಿಯುತ್ತದೆ, ಇಇಜಿ ಅದೇ ದಿನ ಆಗುತ್ತದೆ, ಹೊಸ ಮಾತ್ರೆಗಳ ಆಯ್ಕೆಯಿರುತ್ತದೆ. ಒಂದು ಸಲದ ಫೀಸು ಹೇಗೋ ಹೊಂದಿಸಬಹುದು, ಕೈ ಕಚ್ಚುವುದು ತಿಂಗಳ ಮಾತ್ರೆಯ ಬಿಲ್ಲು. ಆದ್ದರಿಂದ ಅಲ್ಲೇ ಕೂತು ಕೇಳಿ: "ಡಾಕ್ಟ್ರೇ, ಇದು ತಿಂಗಳಿಗೆ ಎಷ್ಟಾಗುತ್ತೆ? ಜನೌಷಧಿ ಅಂಗಡಿಯಲ್ಲಿ ಸಿಗುವ ಹೆಸರಿನಲ್ಲಿ ಬರೆದುಕೊಡ್ತೀರಾ?" ಲೆವಿಟಿರಾಸಿಟಮ್‌ನಂಥ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆಗೆ ಸಿಗುತ್ತದೆ. ಒಂದು ಎಚ್ಚರ: ತಿಂಗಳಿಗೊಂದು ಕಂಪನಿಯದು ಬದಲಿಸಬೇಡಿ, ಹೊಂದಿಕೊಂಡದ್ದನ್ನೇ ಮುಂದುವರಿಸಿ.

ಬೆಂಗಳೂರು ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಮೊದಲ ಸಲ ಹೋದರೆ ಇಡೀ ದಿನ ಮೀಸಲಿಡಿ. ನಾವು ರಾತ್ರಿ ಬಸ್ಸಿಗೆ ಹೊರಟು ಬೆಳಗಿನ ಜಾವ ಸಾಲಿನಲ್ಲಿ ನಿಂತು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನವನ್ನು ಮಧ್ಯಾಹ್ನ ಮರದ ಕೆಳಗೆ ತಿಂದು, ಕತ್ತಲಾದ ಮೇಲೆ ವಾಪಸಾದೆವು. ಬಿಪಿಎಲ್ ಕಾರ್ಡ್ ಇದ್ದವರಿಗೆ ರಿಯಾಯಿತಿಯಿದೆ, ಮೂಲ ಕಾರ್ಡನ್ನೇ ಒಯ್ಯಿರಿ. ಎರಡು ಮಾತ್ರೆ ಸರಿಯಾಗಿ ತೆಗೆದುಕೊಂಡರೂ ನಿಲ್ಲದ ಫಿಟ್ಸ್, ಎಳೆಗೂಸಿನ ಫಿಟ್ಸ್, ಫಿಟ್ಸೋ ಅಲ್ಲವೋ ತೀರ್ಮಾನವಾಗದ್ದು, ಆಪರೇಷನ್ ಮಾತು ಬಂದದ್ದು, ಇವಕ್ಕೆಲ್ಲ ಸೀದಾ ಅಲ್ಲಿಗೇ ಹೋಗಿ. ಆದರೆ ಸರಾಗವಾಗಿ ಹತೋಟಿಯಲ್ಲಿರುವ ಫಿಟ್ಸಿಗೆ ತಿಂಗಳು ತಿಂಗಳೂ ಅಷ್ಟು ದೂರ ಓಡಾಡಿದರೆ ಮೂರನೇ ತಿಂಗಳಿಗೆ ಸುಸ್ತಾಗಿ ಮಾತ್ರೆಯೇ ನಿಂತುಹೋಗುತ್ತದೆ. ಬಗೆಯ ತೀರ್ಮಾನ ತಜ್ಞರ ಹತ್ತಿರ ಒಮ್ಮೆ ಆಗಲಿ, ತಿಂಗಳ ಮಾತ್ರೆ ಹತ್ತಿರದಲ್ಲೇ ಸಿಗಲಿ. ನಾನು ಎಲ್ಲರಿಗೂ ಹೇಳುವುದು ಹೀಗೆ ಎರಡನ್ನೂ ಬೆಸೆದ ದಾರಿಯನ್ನೇ.

ಇನ್ನು ಪುಡಿಯವರು. ತಮ್ಮನಿಗೆ ಹತ್ತೊಂಬತ್ತಾಗಿದ್ದಾಗ ನೆಂಟರ ಮಾತು ಕೇಳಿ ಒಬ್ಬರ ಹತ್ತಿರ ಹೋದೆವು. "ಇಂಗ್ಲಿಷ್ ಮಾತ್ರೆ ಇವತ್ತೇ ಬಿಡಬೇಕು" ಎಂದರು, ಬಿಟ್ಟೆವು. ನಾಲ್ಕನೇ ದಿನ ಒಂದರ ಹಿಂದೊಂದು ಫಿಟ್ಸ್, ನಡುವೆ ಎಚ್ಚರವೇ ಇಲ್ಲ. ಐಸಿಯುನಲ್ಲಿ ಐದು ದಿನ. ಇಂಥ ಕೆಲವು ಪುಡಿಗಳಲ್ಲಿ ಫಿಟ್ಸ್ ಮಾತ್ರೆಯನ್ನೇ ಅರೆದು ಬೆರೆಸಿರುವುದು, ಸೀಸದಂಥ ವಿಷದ ಲೋಹ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ದೇವರಿಗೆ ಹರಕೆ ಹೊರಿ, ತಾಯತ ಕಟ್ಟಿ, ಮನಸ್ಸಿಗೆ ಧೈರ್ಯ ಬಂದರೆ ಒಳ್ಳೆಯದೇ. ನಡೆಯುತ್ತಿರುವ ಮಾತ್ರೆಯನ್ನು ಮಾತ್ರ ಯಾರು ಹೇಳಿದರೂ ಒಂದೇ ದಿನದಲ್ಲಿ ಬಿಡಬೇಡಿ.

ಮಾತ್ರೆಗಳಲ್ಲಿ ಏನನ್ನು ತೂಗಬೇಕು

ಫಿನೋಬಾರ್ಬಿಟೋನ್: ಎಲ್ಲಕ್ಕಿಂತ ಅಗ್ಗ, ರಾತ್ರಿ ಒಂದೇ ಹೊತ್ತು. ತೂಕಡಿಕೆ ಬರುತ್ತದೆ, ಮಕ್ಕಳಲ್ಲಿ ಹಟ, ಚಂಚಲತೆ ಹೆಚ್ಚಬಹುದು. ತಮ್ಮ ಅದನ್ನು ತೆಗೆದುಕೊಳ್ಳುತ್ತಿದ್ದಾಗ ಮಗ್ಗಿ ಮರೆಯುತ್ತಿದ್ದ. ಹೊಲದ ಕೆಲಸದ ದೊಡ್ಡವರಿಗೆ, ಬೇರೇನೂ ಕೊಳ್ಳಲಾಗದವರಿಗೆ ಇದು ದೊಡ್ಡ ಆಸರೆ.

ಫೆನಿಟಾಯಿನ್: ಇದೂ ಅಗ್ಗ, ಎಲ್ಲೆಡೆ ಸಿಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೆ ವಸಡು ಊದಬಹುದು, ಮುಖದಲ್ಲಿ ರೋಮ ಬೆಳೆಯಬಹುದು, ಮೂಳೆ ಸವೆಯಬಹುದು. ಡೋಸು ತುಸು ಏರಿದರೂ ಕುಡಿದವರಂತೆ ತೂರಾಡಬಹುದು. ಹರೆಯದ ಹುಡುಗಿಯರಿಗೆ ಬೇರೆ ದಾರಿಯಿದ್ದರೆ ಬೇರೆಯದೇ ಲೇಸು.

ಕಾರ್ಬಮಜೆಪಿನ್: ಮೆದುಳಿನ ಒಂದು ಭಾಗದಿಂದ ಹೊರಡುವ ಫಿಟ್ಸಿಗೆ, ಅಂದರೆ ಒಂದೇ ಕೈ ಅದುರುವುದು, ತುಟಿ ಚಪ್ಪರಿಸುತ್ತಾ ಕೂರುವುದು ಇವಕ್ಕೆ ಚೆನ್ನಾಗಿ ನಾಟುತ್ತದೆ. ತಮ್ಮ ಈಗಲೂ ಇದನ್ನೇ ತೆಗೆದುಕೊಳ್ಳುತ್ತಿದ್ದಾನೆ. ಶುರುವಿನ ವಾರಗಳಲ್ಲಿ ಮೈಮೇಲೆ ದದ್ದು, ಬಾಯಿ ಹುಣ್ಣು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಓಡಿ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಯಬಹುದು.

ವಾಲ್ಪ್ರೊಯೇಟ್: ಇಡೀ ಮೈ ಅದುರುವ ಫಿಟ್ಸಿಗೂ ಬೆಳಗಿನ ಬೆಚ್ಚುವಿಕೆಗೂ ಇದರಷ್ಟು ಬಲವಾದದ್ದು ಕಡಿಮೆ. ತೂಕ ಏರುವ, ಕೂದಲು ಉದುರುವ, ಕೈ ನಡುಗುವ ತೊಂದರೆ ಇರಬಹುದು. ಆದರೆ ಗರ್ಭಿಣಿ ತೆಗೆದುಕೊಂಡರೆ ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಅಂಗದೋಷ, ಮೂವತ್ತು ನಲವತ್ತು ಮಕ್ಕಳಿಗೆ ಮಾತು, ಕಲಿಕೆಯಲ್ಲಿ ಹಿಂದುಳಿಯುವ ತೊಂದರೆ. ಹುಡುಗಿಯ ಚೀಟಿಯಲ್ಲಿ ಈ ಹೆಸರು ಕಂಡರೆ "ಇದಕ್ಕೆ ಬದಲು ಇಲ್ವಾ?" ಎಂದು ಕೇಳಲೇಬೇಕು. ಈಗಾಗಲೇ ಬಸುರಿಯಾಗಿದ್ದರೆ ಹೆದರಿ ತಾವೇ ನಿಲ್ಲಿಸಬಾರದು, ಆ ವಾರವೇ ಡಾಕ್ಟರನ್ನು ಕಾಣಬೇಕು.

ಲೆವಿಟಿರಾಸಿಟಮ್: ಬೇರೆ ಮಾತ್ರೆಗಳ ಜೊತೆ ಜಗಳವಾಡುವುದಿಲ್ಲ, ಆದ್ದರಿಂದ ಬಿಪಿ, ಹೃದಯದ ಮಾತ್ರೆ ನುಂಗುವ ಹಿರಿಯರಿಗೆ ಅನುಕೂಲ. ಗರ್ಭಿಣಿಯರಿಗೂ ಸುರಕ್ಷಿತವಾದವುಗಳ ಸಾಲಿನಲ್ಲಿದೆ. ಇದರ ಕೆಟ್ಟ ಗುಣ ಸಿಟ್ಟು. ಶಾಂತವಾಗಿದ್ದವರು ಸಣ್ಣದಕ್ಕೂ ಸಿಡುಕಬಹುದು, ಕೆಲವರು ಮಂಕಾಗಿಬಿಡುತ್ತಾರೆ. ಮನೆಯವರು ಅದನ್ನು ಸೊಕ್ಕು ಎಂದುಕೊಳ್ಳದೆ ಡಾಕ್ಟರಿಗೆ ಹೇಳಬೇಕು. ಲ್ಯಾಮೋಟ್ರಿಜಿನ್ ಕೂಡ ಹೆಣ್ಣುಮಕ್ಕಳಿಗೆ ಒಳ್ಳೆಯ ಆಯ್ಕೆ, ಡೋಸನ್ನು ವಾರಗಟ್ಟಲೆ ನಿಧಾನವಾಗಿ ಏರಿಸುವ ತಾಳ್ಮೆ ಬೇಕು.

ಎರಡು ಸರಿಯಾದ ಮಾತ್ರೆ, ಸರಿಯಾದ ಡೋಸಿನಲ್ಲಿ, ತಪ್ಪದೆ ತೆಗೆದುಕೊಂಡೂ ಸೋತರೆ ಮೂರು ನಾಲ್ಕು ಐದು ಎಂದು ಮಾತ್ರೆ ಕೂಡಿಸುತ್ತಾ ವರ್ಷ ಕಳೆಯಬೇಡಿ, ಆಪರೇಷನ್ ಸಾಧ್ಯವೇ ಎಂದು ಕೇಳಿ. ಮೆದುಳಿನ ಪಕ್ಕದ ಟೆಂಪೊರಲ್ ಭಾಗದಿಂದ ಹೊರಡುವ ಹಟಮಾರಿ ಫಿಟ್ಸಿಗೆ ಆಪರೇಷನ್ನನ್ನೂ ಮಾತ್ರೆಯನ್ನೂ ಹೋಲಿಸಿ ನೋಡಿದ, 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ, ವರ್ಷದ ಕೊನೆಗೆ ಪ್ರಜ್ಞೆ ತಪ್ಪಿಸುವ ಫಿಟ್ಸಿನಿಂದ ಬಿಡುಗಡೆಯಾದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 58, ಬರೀ ಮಾತ್ರೆಯ ಗುಂಪಿನಲ್ಲಿ 8. ನಿಮ್ಹಾನ್ಸಿನಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಈ ಆಪರೇಷನ್ ಆಗುತ್ತದೆ. ಎಲ್ಲರಿಗೂ ಹೊಂದುವುದಿಲ್ಲ, ವಿಡಿಯೋ ಇಇಜಿ (ಇಇಜಿಯ ಜೊತೆಗೇ ವಿಡಿಯೋ ತೆಗೆಯುವುದು) ಮಾಡಿ ಆರಿಸುತ್ತಾರೆ. ಚಿಕ್ಕ ಮಕ್ಕಳಿಗೆ ಕೊಬ್ಬು ಹೆಚ್ಚಿಸಿ ಅನ್ನ, ಸಕ್ಕರೆ ತೀರ ಇಳಿಸುವ ಕೀಟೋಜೆನಿಕ್ ಆಹಾರವೂ ಒಂದು ದಾರಿ. ಮುದ್ದೆ ಅನ್ನದ ಮನೆಯಲ್ಲಿ ಅದನ್ನು ನಡೆಸುವುದು ತಾಯಿಗೆ ತಪಸ್ಸೇ ಸರಿ. ಆಹಾರತಜ್ಞರಿಲ್ಲದೆ ಶುರುಮಾಡಲೇಬಾರದು.

ಯಾವ ದಾರಿ ಆರಿಸಿದರೂ

ಫಿಟ್ಸ್ ಬಂದ ಹೊತ್ತಿನಲ್ಲಿ ಕೈಗೆ ಕಬ್ಬಿಣ, ಬೀಗದಕೈ ಕೊಡಬೇಡಿ. ಈರುಳ್ಳಿ, ಚಪ್ಪಲಿ ಮೂಸಿಸಬೇಡಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯಡಿ ಟವೆಲ್ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಇನ್ನೊಂದು ಬಂದರೆ 108ಕ್ಕೆ ಫೋನ್ ಮಾಡಿ. ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಸಿಗುತ್ತದೆ, ಊರು ದೂರವಿದ್ದರೆ ಡಾಕ್ಟರಿಂದ ಬರೆಸಿಕೊಂಡು ಮನೆಯಲ್ಲಿಡಿ. ಬೈಕು ಓಡಿಸುವವರು ಡಾಕ್ಟರ ಹತ್ತಿರ ನಿಜ ಹೇಳಿ. ಲೈಸೆನ್ಸಿನ ಅರ್ಜಿಯಲ್ಲೂ ಈ ಪ್ರಶ್ನೆಯಿದೆ.

ಕೊನೆಗೆ ಆ ತಾಯಿ ಕೇಳಿದ್ದು ಮದುವೆಯ ಬಗ್ಗೆ. 1999ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿಯಲ್ಲ ಎಂದು ನಾನು ಹೇಳಿದೆ. ಗಂಡಿನ ಕಡೆಯವರಿಂದ ಮುಚ್ಚಿಡಬೇಡಿ ಎಂದೂ ನಾನೇ ಹೇಳಿದೆ. ಮುಚ್ಚಿಟ್ಟ ಮನೆಯಲ್ಲಿ ಸೊಸೆ ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ, ಒಂದು ದಿನ ತಪ್ಪುತ್ತದೆ.

ಅವರು ಮೈಸೂರಿಗೆ ಒಮ್ಮೆ ಹೋಗಿ ತಜ್ಞರಿಗೆ ತೋರಿಸಿದರು. ವಿಡಿಯೋ ನೋಡಿ, ಇಇಜಿ ಮಾಡಿಸಿ, ಮಾತ್ರೆಯನ್ನು ಹಂತಹಂತವಾಗಿ ಲೆವಿಟಿರಾಸಿಟಮ್‌ಗೆ ಬದಲಿಸಿದ್ದಾರೆ. ತಿಂಗಳ ಮಾತ್ರೆಯನ್ನು ಊರಿನ ಹತ್ತಿರದ ಜನೌಷಧಿ ಅಂಗಡಿಯಿಂದ ತರುತ್ತಾರೆ, ಆರು ತಿಂಗಳಿಗೊಮ್ಮೆ ಮೈಸೂರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೆಳಗ್ಗೆ ಒಂದು, ರಾತ್ರಿ ಒಂದು ಗೀಟು ಎಳೆಯುತ್ತಾರಂತೆ. ಮೊನ್ನೆ ಫೋನಿನಲ್ಲಿ, "ಲೋಟ ಬಿದ್ದು ಹದಿನೇಳು ದಿನ ಆಯ್ತು ಕಣಕ್ಕ" ಎಂದರು.